ಇಪ್ಪತ್ತು ಎಲೆಕ್ಟ್ರಿಕ್ ಕಾರು ಬಂದರೆ ನಮ್ಮ ಟ್ರಾನ್ಸ್‌ಫಾರ್ಮರ್ ತಡೆಯುತ್ತಾ?

ಪ್ರಶ್ನೆ: ನಾವಿರುವುದು 60 ಮನೆಗಳ ಅಪಾರ್ಟ್‌ಮೆಂಟಿನಲ್ಲಿ. ಕಟ್ಟಡಕ್ಕೆ 250 ಕೆವಿಎ ಟ್ರಾನ್ಸ್‌ಫಾರ್ಮರ್ ಇದೆ. ನನಗೆ ಕೆಲಸಕ್ಕೆ ಹೋಗಿ ಬರಲು ದಿನಕ್ಕೆ 45 ಕಿ.ಮೀ. ಆಗುತ್ತದೆ. ತಿಂಗಳಿಗೊಮ್ಮೆ 320 ಕಿ.ಮೀ. ದೂರದಲ್ಲಿರುವ ಅಪ್ಪ-ಅಮ್ಮನ ಮನೆಗೆ ಹೋಗುತ್ತೇನೆ. 45 ಯೂನಿಟ್ ಬ್ಯಾಟರಿಯ ಒಂದು ಎಲೆಕ್ಟ್ರಿಕ್ ಕಾರು ನೋಡಿಟ್ಟಿದ್ದೇನೆ. ಆದರೆ ನಮ್ಮ ಸಂಘದ ಸಭೆಯಲ್ಲಿ ಇದೇ ವಿಷಯಕ್ಕೆ ದೊಡ್ಡ ಜಗಳವಾಯಿತು. ಈಗಾಗಲೇ ಮೂರು ಮನೆಯವರ ಹತ್ತಿರ ಇಂಥ ಕಾರಿದೆ. ನಾನೂ ಸೇರಿ ಇನ್ನೂ 17 ಮಂದಿ ಕೊಳ್ಳಬೇಕು ಅಂತಿದ್ದೇವೆ. ಕಾರ್ಯದರ್ಶಿಯವರು "ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ, ಅನುಮತಿ ಕೊಡುವುದಿಲ್ಲ" ಎನ್ನುತ್ತಾರೆ. ಗೆಳೆಯನೊಬ್ಬ "ಎಲ್ಲರೂ ಕೊಂಡರೆ ಗ್ರಿಡ್ಡೇ (ಇಡೀ ವಿದ್ಯುತ್ ಜಾಲವೇ) ಬೀಳುತ್ತದೆ, ಕ್ಯಾಲಿಫೋರ್ನಿಯಾದಲ್ಲಿ ಚಾರ್ಜ್ ಮಾಡಬೇಡಿ ಅಂತ ಸರ್ಕಾರವೇ ಹೇಳಿತ್ತು, ಕರೆಂಟು ಕಲ್ಲಿದ್ದಲಿನಿಂದಲೇ ಬರೋದಾದರೆ ಲಾಭವಾದರೂ ಏನು" ಎಂದು ಕೇಳುತ್ತಾನೆ. ಇದರಲ್ಲಿ ನಿಜ ಎಷ್ಟು? ನಾನು ಕೊಳ್ಳಬಹುದೇ?

ಉತ್ತರ: ನೀವು ಲೆಕ್ಕ ಹಾಕಲು ಬೇಕಾದಷ್ಟು ವಿವರ ಕೊಟ್ಟಿದ್ದೀರಿ, ತುಂಬಾ ಒಳ್ಳೆಯದಾಯಿತು. ವಿದ್ಯುತ್ ವಿತರಣೆಯ ಕೆಲಸದಲ್ಲಿ ನಾನು ಬಹಳ ವರ್ಷ ಕಳೆದಿದ್ದೇನೆ. ಈಚೆಗೆ ನನ್ನನ್ನು ಜನ ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ನಿಮ್ಮ ಕಾರ್ಯದರ್ಶಿಯವರ ಭಯ ಸುಳ್ಳಲ್ಲ. ನಿಮ್ಮ ಗೆಳೆಯನ ಭಯದಲ್ಲಿ ಅರ್ಧದಷ್ಟು ನಿಜವಿದೆ. ಆದರೆ ಇಬ್ಬರೂ ಒಂದೇ ಕಡೆ ಎಡವಿದ್ದಾರೆ. ಕಾರು ಒಟ್ಟು ಎಷ್ಟು ಕರೆಂಟು ತಿನ್ನುತ್ತದೆ ಅಂತ ನೋಡುತ್ತಿದ್ದಾರೆ, ಯಾವ ಹೊತ್ತಿಗೆ ತಿನ್ನುತ್ತದೆ ಅಂತ ನೋಡುತ್ತಿಲ್ಲ.

ಮೊದಲು ನಿಮ್ಮ ಕಾರಿನ ಲೆಕ್ಕ ನೋಡೋಣ. ಸಾಧಾರಣ ಗಾತ್ರದ ಎಲೆಕ್ಟ್ರಿಕ್ ಕಾರು ಊರೊಳಗಿನ ಓಡಾಟದಲ್ಲಿ ಒಂದು ಯೂನಿಟ್‌ಗೆ ಆರು-ಆರೂವರೆ ಕಿ.ಮೀ. ಹೋಗುತ್ತದೆ. 45 ಕಿ.ಮೀ.ಗೆ ಏಳು ಯೂನಿಟ್ ಸಾಕು. ಚಾರ್ಜ್ ಮಾಡುವಾಗ ನೂರಕ್ಕೆ ಹತ್ತು-ಹದಿನೈದರಷ್ಟು ಶಾಖವಾಗಿ ಹೋಗುತ್ತದೆ, ಅದನ್ನೂ ಸೇರಿಸಿ ದಿನಕ್ಕೆ ಎಂಟು ಯೂನಿಟ್ ಅಂತ ಇಟ್ಟುಕೊಳ್ಳಿ. 1.5 ಟನ್‌ನ ಒಂದು ಎಸಿ ರಾತ್ರಿಯಿಡೀ ಓಡಿದರೆ ಹೆಚ್ಚುಕಡಿಮೆ ಇಷ್ಟೇ ತಿನ್ನುತ್ತದೆ. ಆ ಎಸಿ ಹಾಕಿಸಲು ನಿಮ್ಮ ಸಂಘದಲ್ಲಿ ಯಾರೂ ಅನುಮತಿ ಕೇಳಿರಲಿಕ್ಕಿಲ್ಲ, ಅಲ್ವಾ?

ಹಾಗಿದ್ದರೆ ಕಾರ್ಯದರ್ಶಿಯವರಿಗೆ ಭಯ ಯಾಕೆ? ಕಾರಿನ ಜೊತೆ ಬರುವ ಚಾರ್ಜರ್ ನೋಡಿ. ಗೋಡೆಗೆ ಹಾಕುವ ಸಾಮಾನ್ಯ ಸಿಂಗಲ್ ಫೇಸ್ ಚಾರ್ಜರ್ 7.4 ಕಿಲೋವ್ಯಾಟ್‌ನದು. ಅಂದರೆ ಮೂರ್ನಾಲ್ಕು ಗೀಸರ್ ಒಟ್ಟಿಗೆ ಹಾಕಿದ ಹಾಗೆ. 20 ಮಂದಿಯೂ ರಾತ್ರಿ ಎಂಟಕ್ಕೆ ಮನೆಗೆ ಬಂದು ಕಾರಿಗೆ ವೈರು ಸಿಕ್ಕಿಸಿದರು ಅಂದುಕೊಳ್ಳಿ. 20 ಗುಣಿಸು 7.4, ಒಟ್ಟು 148 ಕಿಲೋವ್ಯಾಟ್. ಅದೇ ಹೊತ್ತಿಗೆ ಮನೆಗಳಲ್ಲಿ ಅಡುಗೆ, ಲೈಟು, ಟಿವಿ, ಎಸಿ, ಲಿಫ್ಟು, ಪಂಪು ಎಲ್ಲ ನಡೆಯುತ್ತಿರುತ್ತದೆ. 60 ಮನೆಗಳ ಕಟ್ಟಡದಲ್ಲಿ ಅದು 150 ಕಿಲೋವ್ಯಾಟ್ ಮುಟ್ಟಿದರೂ ಆಶ್ಚರ್ಯವಿಲ್ಲ. ಎರಡೂ ಸೇರಿದರೆ 298. ನಿಮ್ಮ 250 ಕೆವಿಎ ಟ್ರಾನ್ಸ್‌ಫಾರ್ಮರ್ ಪವರ್ ಫ್ಯಾಕ್ಟರ್ (ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಲೆಕ್ಕ ತೆಗೆದರೆ ಕೊಡುವುದು ಸುಮಾರು 237 ಕಿಲೋವ್ಯಾಟ್. ಕಾರ್ಯದರ್ಶಿಯವರು ಹೇಳಿದ್ದು ಈ ಲೆಕ್ಕದಲ್ಲಿ ಸರಿ.

ಈಗ ಅದೇ 20 ಕಾರು, ಅದೇ ಓಡಾಟ. ದಿನಕ್ಕೆ ಎಂಟು ಯೂನಿಟ್‌ನಂತೆ ಒಟ್ಟು 160 ಯೂನಿಟ್ ಬೇಕು. ಇದನ್ನು ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ, ಏಳು ಗಂಟೆಗೆ ಹಂಚಿ. ಒಂದು ಕಿಲೋವ್ಯಾಟ್ ಲೋಡು ಒಂದು ಗಂಟೆ ನಡೆದರೆ ಒಂದು ಯೂನಿಟ್, ಹಾಗಾಗಿ 160 ಭಾಗಿಸು 7. ಸುಮಾರು 23 ಕಿಲೋವ್ಯಾಟ್!

ಒಂದು ಕಡೆ 148, ಇನ್ನೊಂದು ಕಡೆ 23. ಬೆಳಿಗ್ಗೆ ಎಲ್ಲರ ಕಾರಿನಲ್ಲೂ ತುಂಬಿರುವ ಕರೆಂಟು ಒಂದೇ. ಎಲೆಕ್ಟ್ರಿಕ್ ಕಾರು ಮತ್ತು ಗ್ರಿಡ್ ಬಗ್ಗೆ ನಡೆಯುವ ವಾದದಲ್ಲಿ ಬಹುಪಾಲು ಈ ಎರಡು ಸಂಖ್ಯೆಗಳ ನಡುವೆಯೇ ಇರುತ್ತದೆ. ದಯವಿಟ್ಟು ಇವೆರಡನ್ನೂ ಸಭೆಯಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿ.

ಟ್ರಾನ್ಸ್‌ಫಾರ್ಮರ್ ಹೇಗೆ ಸಾಯುತ್ತದೆ ಅಂತ ಸ್ವಲ್ಪ ಹೇಳಬೇಕು, ಯಾಕೆಂದರೆ ನಿಜವಾದ ತೊಂದರೆ ಇರುವುದೇ ಅಲ್ಲಿ. ಅದರೊಳಗೆ ತಾಮ್ರ ಅಥವಾ ಅಲ್ಯೂಮಿನಿಯಂ ಸುರುಳಿಗಳಿರುತ್ತವೆ. ಆ ಸುರುಳಿಗಳಿಗೆ ಕಾಗದ ಸುತ್ತಿರುತ್ತದೆ. ಇಡೀ ಸುರುಳಿ ಎಣ್ಣೆಯಲ್ಲಿ ಮುಳುಗಿರುತ್ತದೆ. ಲೋಡು ಎರಡರಷ್ಟಾದರೆ ಸುರುಳಿಯಲ್ಲಿ ಹುಟ್ಟುವ ಶಾಖ ನಾಲ್ಕರಷ್ಟಾಗುತ್ತದೆ. ಆ ಶಾಖಕ್ಕೆ ಕಾಗದ ನಿಧಾನವಾಗಿ ಪುಡಿಯಾಗುತ್ತಾ ಹೋಗುತ್ತದೆ. ನಾವು ಎಂಜಿನಿಯರುಗಳು ಬಳಸುವ ಒಂದು ಲೆಕ್ಕವಿದೆ. ಸಾಮಾನ್ಯ ಕಾಗದ ಸುತ್ತಿದ ಸುರುಳಿಯ ಅತಿ ಬಿಸಿಯಾದ ಜಾಗದ ಉಷ್ಣತೆ ಮಿತಿಯನ್ನು ದಾಟಿ 6 ಡಿಗ್ರಿ ಏರಿದರೆ, ಕಾಗದ ಎರಡು ಪಟ್ಟು ವೇಗವಾಗಿ ಹಳತಾಗುತ್ತದೆ. 12 ಡಿಗ್ರಿ ಏರಿದರೆ ನಾಲ್ಕು ಪಟ್ಟು. ಹೀಗಾಗಿ ಟ್ರಾನ್ಸ್‌ಫಾರ್ಮರ್ ಸಾಮಾನ್ಯವಾಗಿ ಒಂದೇ ರಾತ್ರಿಯ ಲೋಡಿಗೆ ಢಂ ಅಂತ ಸಿಡಿಯುವುದಿಲ್ಲ. ಒಂದು ಗಂಟೆ ಜಾಸ್ತಿ ಲೋಡು ಬಿದ್ದರೆ ತಡೆದುಕೊಳ್ಳುತ್ತದೆ, ಎಣ್ಣೆ ಬಿಸಿಯಾಗಲು ಹೊತ್ತು ಹಿಡಿಯುತ್ತದೆ. ಆದರೆ ದಿನವೂ ಹೀಗೇ ಆದರೆ ಮೂವತ್ತು ವರ್ಷ ಬಾಳಬೇಕಾದದ್ದು ಹತ್ತೇ ವರ್ಷಕ್ಕೆ ಹೋಗುತ್ತದೆ. ಹೋದ ದಿನ ಜನ ಆ ದಿನದ ಲೋಡನ್ನು ಬೈಯುತ್ತಾರೆ. ಆದರೆ ಕಾಯಿಲೆ ವರ್ಷಗಳ ಹಿಂದೆಯೇ ಶುರುವಾಗಿರುತ್ತದೆ.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಹಳೆಯ ಕಾಲದಿಂದಲೂ ಟ್ರಾನ್ಸ್‌ಫಾರ್ಮರ್ ಅಳತೆ ನಿರ್ಧರಿಸುವಾಗ ಅದಕ್ಕೆ ರಾತ್ರಿ ವಿಶ್ರಾಂತಿ ಸಿಗುತ್ತದೆ ಎಂಬ ನಂಬಿಕೆ ಒಳಗೇ ಇತ್ತು. ಸಂಜೆ ಕಾದದ್ದು ಮಧ್ಯರಾತ್ರಿ ಕಳೆದ ಮೇಲೆ ತಣ್ಣಗಾಗುತ್ತಿತ್ತು. ಎಸಿಗಳು ಈಗಾಗಲೇ ಈ ವಿಶ್ರಾಂತಿಯನ್ನು ಕಿತ್ತುಕೊಂಡಿವೆ. ಕಾರುಗಳೂ ಅದರ ಮೇಲೆ ಬಂದು ಕೂತರೆ ಸೆಖೆಗಾಲದಲ್ಲಿ ಟ್ರಾನ್ಸ್‌ಫಾರ್ಮರ್ ಇಡೀ ದಿನ ಬಿಸಿಯಲ್ಲೇ ಇರುತ್ತದೆ. ಆದ್ದರಿಂದ "ಎಲ್ಲ ರಾತ್ರಿಗೆ ತಳ್ಳಿ, ಮುಗಿಯಿತು" ಎಂದು ನಾನು ಹೇಳುವುದಿಲ್ಲ. ರಾತ್ರಿಗೆ ತಳ್ಳಬೇಕು, ಜೊತೆಗೆ ಮಿತಿಯನ್ನೂ ಹಾಕಬೇಕು.

ಮಿತಿ ಯಾಕೆ ಬೇಕು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 20 ಮಂದಿಯೂ ಒಳ್ಳೆಯ ಮನಸ್ಸಿನಿಂದ ಕಾರಿನ ಟೈಮರನ್ನು ರಾತ್ರಿ 12ಕ್ಕೆ ಇಟ್ಟರು ಅಂದುಕೊಳ್ಳಿ. 12 ಗಂಟೆ ಹೊಡೆದ ಕೂಡಲೇ 148 ಕಿಲೋವ್ಯಾಟ್ ಒಂದೇ ಏಟಿಗೆ ಬಂದು ಬೀಳುತ್ತದೆ. ಎಸಿಗಳ ಲೋಡು ಆಗ 120 ಇದ್ದರೆ ಒಟ್ಟು 268 ಆಗಿ ಮತ್ತೆ ಮಿತಿ ದಾಟಿತು. ಸಂಜೆಯ ಶಿಖರ ತಪ್ಪಿಸಲು ಹೋಗಿ ಮಧ್ಯರಾತ್ರಿ ಹೊಸ ಶಿಖರ ಕಟ್ಟಿದ ಹಾಗಾಯಿತು. ಬ್ರಿಟನ್ನಿನಲ್ಲಿ ಇದನ್ನು ಮೊದಲೇ ಊಹಿಸಿದರು. 2022ರ ಜೂನ್ 30ರಿಂದ ಅಲ್ಲಿ ಮಾರುವ ಮನೆ ಚಾರ್ಜರುಗಳು ನಿಗದಿತ ಸಮಯಕ್ಕೆ ಸರಿಯಾಗಿ ಶುರುವಾಗಬಾರದು, 10 ನಿಮಿಷದವರೆಗೆ ಒಂದೊಂದೂ ಬೇರೆಬೇರೆ ಹೊತ್ತಿಗೆ ತಡವಾಗಿ ಶುರುವಾಗಬೇಕು ಎಂಬ ನಿಯಮ ತಂದರು. ಕೇಳಲು ಸಣ್ಣ ವಿಷಯ. ಆದರೆ ಲಕ್ಷಾಂತರ ಚಾರ್ಜರುಗಳು ಒಂದೇ ಸೆಕೆಂಡಿಗೆ ಆನ್ ಆದರೆ ಗ್ರಿಡ್‌ಗೆ ಬೀಳುವ ಏಟು ಸಣ್ಣದಲ್ಲ.

ಈಗ ಗೆಳೆಯನ ಪ್ರಶ್ನೆಗೆ ಬರೋಣ. ಇಡೀ ಗ್ರಿಡ್ ಬೀಳುತ್ತದೆಯೇ?

ಗ್ರಿಡ್‌ನಲ್ಲಿ ಕರೆಂಟನ್ನು ಗೋದಾಮಿನಲ್ಲಿಟ್ಟ ಹಾಗೆ ಇಟ್ಟುಕೊಂಡಿರುವುದಿಲ್ಲ. ಪ್ರತಿ ಕ್ಷಣವೂ ಎಷ್ಟು ಬೇಡಿಕೆಯೋ ಅಷ್ಟೇ ಉತ್ಪಾದನೆ ಆಗಬೇಕು. ಬೇಡಿಕೆ ಹೆಚ್ಚಾಗಿ ಉತ್ಪಾದನೆ ಹಿಂದೆ ಬಿದ್ದರೆ ಫ್ರೀಕ್ವೆನ್ಸಿ 50 ಹರ್ಟ್ಸ್‌ನಿಂದ, ಕೆಲವು ದೇಶಗಳಲ್ಲಿ 60ರಿಂದ, ಕೆಳಗೆ ಜಾರುತ್ತದೆ. ಜಾಸ್ತಿ ಜಾರಿದರೆ ಯಂತ್ರಗಳನ್ನು ಉಳಿಸಿಕೊಳ್ಳಲು ಒಂದೊಂದೇ ಪ್ರದೇಶದ ಸಂಪರ್ಕ ಕಡಿಯಬೇಕಾಗುತ್ತದೆ. ಹಾಗಾಗಿ ಭಯಕ್ಕೆ ಆಧಾರವಿದೆ. ಲೆಕ್ಕ ಮಾತ್ರ ಬೇರೆ ಕಥೆ ಹೇಳುತ್ತದೆ. ಒಂದು ಕೋಟಿ ಕಾರುಗಳು ದಿನಕ್ಕೆ ಏಳು ಯೂನಿಟ್‌ನಂತೆ ತೆಗೆದುಕೊಂಡರೆ ಏಳು ಕೋಟಿ ಯೂನಿಟ್. 24 ಗಂಟೆಗೆ ಹಂಚಿದರೆ ಸುಮಾರು 2,900 ಮೆಗಾವ್ಯಾಟ್. ಒಂದು ದೊಡ್ಡ ವಿದ್ಯುತ್ ಸ್ಥಾವರದ ಉತ್ಪಾದನೆ. ಅದೇ ಒಂದು ಕೋಟಿ ಕಾರುಗಳು 7.4 ಕಿಲೋವ್ಯಾಟ್ ಚಾರ್ಜರುಗಳಲ್ಲಿ ಒಂದೇ ಕ್ಷಣಕ್ಕೆ ನಿಂತರೆ 74,000 ಮೆಗಾವ್ಯಾಟ್. ಗೆಳೆಯ ಭಯಪಡುವುದು ಈ ಎರಡನೆಯ ಸಂಖ್ಯೆಗೆ. ಇದು ಕಾಗದದ ಮೇಲಿನ ಸಂಖ್ಯೆ. ಒಂದು ಕೋಟಿ ಜನ ಒಂದೇ ನಿಮಿಷಕ್ಕೆ ಮನೆಗೆ ಬರುವುದಿಲ್ಲ. ಪ್ರತಿದಿನ ಎಲ್ಲರೂ ಚಾರ್ಜ್ ಮಾಡುವುದೂ ಇಲ್ಲ.

ಬ್ರಿಟನ್ನಿನ ನ್ಯಾಷನಲ್ ಗ್ರಿಡ್ ಎಂಬ ವಿದ್ಯುತ್ ಪ್ರಸರಣ ಸಂಸ್ಥೆ ಇದಕ್ಕೆ ತನ್ನದೇ ಉತ್ತರ ಕೊಟ್ಟಿದೆ. ಅಲ್ಲಿನ ಎಲ್ಲರೂ ಒಂದೇ ರಾತ್ರಿಯಲ್ಲಿ ಎಲೆಕ್ಟ್ರಿಕ್ ಕಾರಿಗೆ ಬದಲಾದರೂ ವಿದ್ಯುತ್ ಬೇಡಿಕೆ ಸುಮಾರು ನೂರಕ್ಕೆ 10ರಷ್ಟು ಮಾತ್ರ ಏರುತ್ತದೆ ಎಂಬುದು ಅದರ ಅಂದಾಜು. ಜಗತ್ತಿನ ಮಟ್ಟದಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಲೆಕ್ಕವೂ ಇದೆ. 2023ರಲ್ಲಿ ಎಲ್ಲ ಎಲೆಕ್ಟ್ರಿಕ್ ವಾಹನಗಳು ಸೇರಿ ಬಳಸಿದ್ದು ಜಗತ್ತಿನ ಒಟ್ಟು ವಿದ್ಯುತ್ ಬಳಕೆಯ ನೂರಕ್ಕೆ ಸುಮಾರು 0.5ರಷ್ಟು ಮಾತ್ರ. ಇದೇ ಸಂಸ್ಥೆ 2018ರಲ್ಲಿ ಎಸಿ ಮತ್ತು ಫ್ಯಾನುಗಳ ಲೆಕ್ಕ ಹಾಕಿದಾಗ ಅದು ನೂರಕ್ಕೆ 10ರಷ್ಟಿತ್ತು. ಕಾರುಗಳ ಪಾಲು ಮುಂದೆ ಬೆಳೆಯುತ್ತದೆ, ಖಂಡಿತ. ಆದರೆ ಅದು ಹತ್ತಿಪ್ಪತ್ತು ವರ್ಷಗಳಲ್ಲಿ ಮೆಲ್ಲಗೆ ಬೆಳೆಯುವ ಬೇಡಿಕೆ. ನಾರ್ವೆಯನ್ನು ನೋಡಿ. 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪೂರ್ತಿ ಬ್ಯಾಟರಿಯವು. ಅಲ್ಲಿನ ಗ್ರಿಡ್ ಬೀಳಲಿಲ್ಲ. ಇದನ್ನು ಹೇಳುವಾಗ ಒಂದು ಮಾತು ಸೇರಿಸದಿದ್ದರೆ ತಪ್ಪಾಗುತ್ತದೆ. ನಾರ್ವೆಯ ಬಹುಪಾಲು ಕರೆಂಟು ಜಲವಿದ್ಯುತ್ತು. ಮನೆಗಳನ್ನು ಕರೆಂಟಿನಿಂದಲೇ ಬೆಚ್ಚಗಿಡುವ ದೇಶವಾದ್ದರಿಂದ ಅಲ್ಲಿನ ವೈರುಗಳೂ ಮೊದಲಿಂದಲೇ ದಪ್ಪ. ಎಲ್ಲ ದೇಶಗಳಿಗೂ ಆ ಅನುಕೂಲ ಇಲ್ಲ.

ಕ್ಯಾಲಿಫೋರ್ನಿಯಾದ ಕಥೆಯಲ್ಲಿ ಏನಾಯಿತು ಅಂತ ಸರಿಯಾಗಿ ತಿಳಿದುಕೊಳ್ಳಿ. 2022ರ ಆಗಸ್ಟ್ 25ರಂದು ಅಲ್ಲಿನ ವಾಯುಮಾಲಿನ್ಯ ನಿಯಂತ್ರಿಸುವ ಸರ್ಕಾರಿ ಮಂಡಳಿಯು 2035ರ ಹೊತ್ತಿಗೆ ಹೊಸ ಪೆಟ್ರೋಲ್ ಕಾರುಗಳ ಮಾರಾಟ ನಿಲ್ಲಿಸುವ ನಿಯಮಕ್ಕೆ ಒಪ್ಪಿಗೆ ಕೊಟ್ಟಿತು. ಒಂದು ವಾರದೊಳಗೆ ಭಯಂಕರ ಬಿಸಿಗಾಳಿ ಬೀಸಿತು. ಗ್ರಿಡ್ ನಡೆಸುವವರು ಸಂಜೆ 4ರಿಂದ 9ರವರೆಗೆ ಎಸಿ ಸ್ವಲ್ಪ ಕಡಿಮೆ ಮಾಡಿ, ದೊಡ್ಡ ಯಂತ್ರಗಳನ್ನು ಹಾಕಬೇಡಿ, ಕಾರು ಚಾರ್ಜ್ ಮಾಡಬೇಡಿ ಅಂತ ಕೇಳಿಕೊಂಡರು. ಅದು ನಿಷೇಧವಲ್ಲ, ಮನವಿ. ಉಳಿದ 19 ಗಂಟೆ ಯಾರ ಅಡ್ಡಿಯೂ ಇರಲಿಲ್ಲ. ಸೆಪ್ಟೆಂಬರ್ 6ರಂದು ಬೇಡಿಕೆ 52,061 ಮೆಗಾವ್ಯಾಟ್ ಮುಟ್ಟಿ ದಾಖಲೆಯಾಯಿತು. ಆ ಸಂಜೆ ಜನರ ಫೋನುಗಳಿಗೆ ತುರ್ತು ಸಂದೇಶ ಹೋಯಿತು, ಕೆಲವೇ ನಿಮಿಷಗಳಲ್ಲಿ ಬೇಡಿಕೆ ಇಳಿಯಿತು. ಗ್ರಿಡ್ಡನ್ನು ಅಷ್ಟು ಎತ್ತರಕ್ಕೆ ಎಳೆದದ್ದು ಮುಖ್ಯವಾಗಿ ಎಸಿಗಳು. ಸೆಖೆಯ ಸಂಜೆ ಎಸಿಯನ್ನು ರಾತ್ರಿ ಎರಡಕ್ಕೆ ಮುಂದೂಡಲು ಆಗುವುದಿಲ್ಲ. ಕಾರನ್ನು ಮುಂದೂಡಬಹುದು. ಈ ಕಾರಣಕ್ಕೇ ಎಲೆಕ್ಟ್ರಿಕ್ ಕಾರು ನನ್ನಂಥ ವಿತರಣೆಯ ಎಂಜಿನಿಯರಿಗೆ ಇಷ್ಟವಾಗುವ ಲೋಡು. ಅದು ಕಾಯಬಲ್ಲದು. ದಿನದ 24 ಗಂಟೆಯಲ್ಲಿ 22 ಗಂಟೆ ಸುಮ್ನೆ ನಿಂತಿರುತ್ತದೆ, ತುಂಬಲು ಬೇಕಾಗುವುದು ಎರಡು ಮೂರು ಗಂಟೆ. ನೂರು ವರ್ಷಕ್ಕೂ ಹಿಂದೆ ಅಮೆರಿಕದ ವಿದ್ಯುತ್ ಕಂಪನಿಗಳೇ ಮುಂದೆ ನಿಂತು ಎಲೆಕ್ಟ್ರಿಕ್ ಗಾಡಿಗಳಿಗೆ ಪ್ರಚಾರ ಕೊಟ್ಟಿದ್ದವು. ರಾತ್ರಿ ಕೆಲಸವಿಲ್ಲದೆ ಕೂತ ಜನರೇಟರುಗಳಿಗೆ ಅವು ಒಳ್ಳೆಯ ಗಿರಾಕಿಗಳಾಗಿದ್ದವು.

ಅಂದಮೇಲೆ ರಾತ್ರಿಯೇ ಯಾವಾಗಲೂ ಒಳ್ಳೆಯದೇ? ಅದು ನಿಮ್ಮ ಕರೆಂಟು ಎಲ್ಲಿಂದ ಬರುತ್ತದೆ ಎಂಬುದರ ಮೇಲೆ ನಿಂತಿದೆ. ಸೌರ ವಿದ್ಯುತ್ ಜಾಸ್ತಿ ಇರುವ ಕಡೆ ಮಧ್ಯಾಹ್ನ ಕರೆಂಟು ಹೇರಳವಾಗಿ ಬರುತ್ತದೆ. ಸೂರ್ಯ ಮುಳುಗುವ ಹೊತ್ತಿಗೆ ಅದು ಕುಸಿಯುತ್ತದೆ, ಅದೇ ಹೊತ್ತಿಗೆ ಮನೆಗಳ ಬೇಡಿಕೆ ಏರುತ್ತದೆ. ಆ ಎರಡು ಮೂರು ಗಂಟೆ ಗ್ರಿಡ್ ನಡೆಸುವವರಿಗೆ ದಿನದ ಅತಿ ಕಷ್ಟದ ಹೊತ್ತು. ಅಂಥ ಕಡೆ ಕೆಲಸದ ಜಾಗದಲ್ಲಿ ಹಗಲು ಹೊತ್ತು ನಿಧಾನವಾಗಿ ಚಾರ್ಜ್ ಮಾಡುವುದೇ ಎಲ್ಲಕ್ಕಿಂತ ಒಳ್ಳೆಯದು. ನಿಮ್ಮ ಕಚೇರಿಯಲ್ಲಿ ಚಾರ್ಜರ್ ಇದೆಯೇ ಅಂತ ನೀವು ಬರೆದಿಲ್ಲ. ಇದ್ದರೆ ಬಳಸಿ. ಇಲ್ಲದಿದ್ದರೆ ಕೇಳಿ. ಎಲ್ಲ ಕಡೆಗೂ ಹೊಂದುವ ಒಂದೇ ನಿಯಮವೆಂದರೆ ಸಂಜೆಯ ಆ ನಾಲ್ಕೈದು ಗಂಟೆ ಬಿಟ್ಟುಬಿಡುವುದು.

ಕಲ್ಲಿದ್ದಲಿನ ಮಾತಿಗೆ ಪ್ರಾಮಾಣಿಕವಾಗಿ ಉತ್ತರಿಸಬೇಕು, ಸುಮ್ನೆ ಹೊಗಳಿದರೆ ನಂಬಿಕೆ ಹೋಗುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಲೀಟರಿಗೆ 15 ಕಿ.ಮೀ. ಕೊಡುವ ಕಾರು ಅಂದರೆ ಕಿ.ಮೀ.ಗೆ ಸುಮಾರು 153 ಗ್ರಾಂ. ಪೆಟ್ರೋಲನ್ನು ತೆಗೆದು, ಶುದ್ಧ ಮಾಡಿ, ಸಾಗಿಸುವಾಗ ಬರುವ ಹೊಗೆ ಇದಕ್ಕೆ ಹೊರತು. ಪೂರ್ತಿ ಕಲ್ಲಿದ್ದಲಿನ ಕರೆಂಟಿನಲ್ಲಿ ಯೂನಿಟ್‌ಗೆ ಸುಮಾರು 950 ಗ್ರಾಂ ಬರುತ್ತದೆ. ನಷ್ಟವನ್ನೂ ಸೇರಿಸಿ ನಿಮ್ಮ ಕಾರಿಗೆ ಕಿ.ಮೀ.ಗೆ 165 ಗ್ರಾಂ ಹತ್ತಿರ ಆಗುತ್ತದೆ. ಅಂದರೆ ನೂರಕ್ಕೆ ನೂರು ಕಲ್ಲಿದ್ದಲು ಇರುವ ಗ್ರಿಡ್‌ನಲ್ಲಿ ಲಾಭ ಇಲ್ಲವೇ ಇಲ್ಲ ಎನ್ನಬಹುದು. ಬ್ಯಾಟರಿ ತಯಾರಿಸುವಾಗ ಬರುವ ಹೊಗೆ ಸೇರಿಸಿದರೆ ನಷ್ಟವೇ. ಗೆಳೆಯ ಇಲ್ಲಿ ಸರಿ. ಆದರೆ ಅಂಥ ಗ್ರಿಡ್‌ಗಳು ಕಡಿಮೆ. ಜಲ, ಗಾಳಿ, ಸೌರ, ಅಣು, ಅನಿಲ ಸೇರಿ ಯೂನಿಟ್‌ಗೆ 500 ಗ್ರಾಂ ಇರುವ ಕಡೆ ಕಿ.ಮೀ.ಗೆ 90 ಗ್ರಾಂ ಒಳಗೆ ಬರುತ್ತದೆ. ಬ್ಯಾಟರಿಯ ಸಾಲ ಕೆಲವು ಹತ್ತು ಸಾವಿರ ಕಿ.ಮೀ. ಓಡಿದ ಮೇಲೆ ತೀರುತ್ತದೆ. ಇನ್ನೊಂದು ವ್ಯತ್ಯಾಸವಿದೆ. ಪೆಟ್ರೋಲ್ ಕಾರು ಕೊಂಡ ದಿನ ಎಷ್ಟು ಹೊಗೆ ಉಗುಳುತ್ತದೋ ಹತ್ತು ವರ್ಷ ಕಳೆದ ಮೇಲೂ ಅಷ್ಟೇ, ಇಲ್ಲವೇ ಜಾಸ್ತಿ. ಎಲೆಕ್ಟ್ರಿಕ್ ಕಾರಿನ ಲೆಕ್ಕ ಗ್ರಿಡ್ ಶುದ್ಧವಾದಷ್ಟೂ ಇಳಿಯುತ್ತದೆ, ಕಾರನ್ನು ಮುಟ್ಟದೆಯೇ.

ಇಷ್ಟಾದ ಮೇಲೂ ಗ್ರಿಡ್‌ಗೆ ಎಲ್ಲವೂ ಸುಲಭ ಅಂತ ನಾನು ಹೇಳುತ್ತಿಲ್ಲ. ನನಗೆ ನಿಜಕ್ಕೂ ಚಿಂತೆ ಇರುವುದು ಎರಡು ಕಡೆ. ಒಂದು ಹೆದ್ದಾರಿಯ ವೇಗದ ಚಾರ್ಜರುಗಳು. 150 ಕಿಲೋವ್ಯಾಟ್‌ನ ಹತ್ತು ಯಂತ್ರ ಒಂದೇ ಕಡೆ ಇಟ್ಟರೆ 1,500 ಕಿಲೋವ್ಯಾಟ್. ನೂರಾರು ಮನೆಗಳ ಲೋಡು ಒಂದು ಪೆಟ್ರೋಲ್ ಬಂಕಿನಷ್ಟು ಜಾಗದಲ್ಲಿ! ಅದಕ್ಕೆ ಬೇರೆ ಹೈಟೆನ್ಷನ್ ಲೈನು, ಬೇರೆ ಟ್ರಾನ್ಸ್‌ಫಾರ್ಮರ್ ಬೇಕು, ಹಾಕಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಇನ್ನೊಂದು ನಿಮ್ಮಂಥ ಬಡಾವಣೆಗಳ ಕೊನೆಯ ವೈರು. ಲೈನಿನ ತುದಿಯಲ್ಲಿರುವ ಮನೆಗಳಿಗೆ ಮೊದಲೇ ವೋಲ್ಟೇಜ್ ಕಡಿಮೆ. ಅಲ್ಲಿ ನಾಲ್ಕು ಕಾರು ಒಟ್ಟಿಗೆ ಚಾರ್ಜ್‌ಗೆ ನಿಂತರೆ ಲೈಟು ಮಂಕಾಗುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ಕರೆಂಟು ಮೂರು ಫೇಸುಗಳಲ್ಲಿ, ಅಂದರೆ ಮೂರು ಬೇರೆಬೇರೆ ವೈರುಗಳಲ್ಲಿ ಬರುತ್ತದೆ; ಅವುಗಳ ಹಂಚಿಕೆಯಲ್ಲೂ ಎಡವಟ್ಟಾಗುತ್ತದೆ. ಸಿಂಗಲ್ ಫೇಸ್ ಚಾರ್ಜರುಗಳನ್ನೆಲ್ಲ ಎಲೆಕ್ಟ್ರಿಷಿಯನ್ ಅನುಕೂಲಕ್ಕೆಂದು ಒಂದೇ ಫೇಸಿಗೆ ಕಟ್ಟಿಬಿಡುತ್ತಾರೆ. ನಿಮ್ಮ ಟ್ರಾನ್ಸ್‌ಫಾರ್ಮರ್‌ನ ಒಂದು ಫೇಸಿಗೆ ಸಿಗುವುದು 83 ಕೆವಿಎ ಮಾತ್ರ. ಒಟ್ಟು ಲೋಡು ಅರ್ಧವೂ ಆಗಿರುವುದಿಲ್ಲ, ಒಂದು ಫೇಸ್ ಮಾತ್ರ ಸುಡುತ್ತಿರುತ್ತದೆ. 20 ಚಾರ್ಜರು ಅಂದರೆ 7, 7, 6 ಅಂತ ಹಂಚಲೇಬೇಕು.

ನಿಮ್ಮ ಕಟ್ಟಡಕ್ಕೆ ಇರುವ ದಾರಿಗಳನ್ನು ಹೇಳುತ್ತೇನೆ.

ಎಲ್ಲಕ್ಕಿಂತ ಸುಲಭದ ದಾರಿ ಪ್ರತಿಯೊಬ್ಬರೂ ತಮ್ಮ ಮನೆಯ ಮೀಟರಿನಿಂದ ಪಾರ್ಕಿಂಗಿಗೆ ವೈರು ಎಳೆದುಕೊಳ್ಳುವುದು. ಈಗಿನ ಮೂವರು ಬಹುಶಃ ಹೀಗೇ ಮಾಡಿದ್ದಾರೆ. ನಾಲ್ಕೈದು ಕಾರಿನವರೆಗೆ ಇದು ನಡೆಯುತ್ತದೆ. ಆಮೇಲೆ ಯಾರು ಎಷ್ಟು ಹೊತ್ತಿಗೆ ಎಷ್ಟು ಎಳೆಯುತ್ತಿದ್ದಾರೆ ಎಂಬುದು ಯಾರ ಹಿಡಿತದಲ್ಲೂ ಇರುವುದಿಲ್ಲ. 148 ಕಿಲೋವ್ಯಾಟ್‌ನ ಸಂಜೆ ಬರುವುದು ಈ ದಾರಿಯಲ್ಲಿ. ವೈರುಗಳ ಗೊಂಚಲು ಬೇರೆ. ಈ ದಾರಿಯನ್ನೇ ಹಿಡಿಯುವುದಾದರೆ ಎಲ್ಲರೂ 3.3 ಕಿಲೋವ್ಯಾಟ್‌ಗೆ ಮಿತಿ ಹಾಕಿಕೊಳ್ಳಿ. ನಿಮ್ಮ ಎಂಟು ಯೂನಿಟ್‌ಗೆ ಅದರಲ್ಲಿ ಎರಡೂವರೆ ಗಂಟೆ ಸಾಕು. 7.4ರ ಆಸೆ ಬಹಳ ಜನರಿಗೆ ನಿಜಕ್ಕೂ ಬೇಕಾಗಿಯೇ ಇರುವುದಿಲ್ಲ.

ನಾನು ನಿಮ್ಮ ಜಾಗದಲ್ಲಿದ್ದರೆ ಆರಿಸುತ್ತಿದ್ದುದು ಇನ್ನೊಂದು. ಪಾರ್ಕಿಂಗಿಗೆ ಅಂತಲೇ ಒಂದು ಬೇರೆ ಮೀಟರು, ಒಂದು ದಪ್ಪ ಕೇಬಲ್, ಅದರಿಂದ ಕವಲೊಡೆದ ಚಾರ್ಜರುಗಳು. ಅವು ಒಂದಕ್ಕೊಂದು ಮಾತಾಡಿಕೊಂಡು ಒಟ್ಟು ಲೋಡನ್ನು ಒಂದು ಮಿತಿಯೊಳಗೆ ಹಂಚಿಕೊಳ್ಳುತ್ತವೆ. ಲೋಡ್ ಮ್ಯಾನೇಜ್‌ಮೆಂಟ್ ಎನ್ನುವುದು ಇದಕ್ಕೇ. ಮಿತಿ 30 ಕಿಲೋವ್ಯಾಟ್ ಅಂತಿಡಿ. ಏಳು ಗಂಟೆಗೆ 210 ಯೂನಿಟ್ ಸಿಕ್ಕಿತು, ನಿಮಗೆ ಬೇಕಾಗಿದ್ದು 160. ಇಲ್ಲಿ ಒಂದು ಸೂಕ್ಷ್ಮವಿದೆ. ಚಾರ್ಜಿಂಗ್‌ನ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಒಂದು ಕಾರಿಗೆ 6 ಆಂಪಿಯರ್‌ಗಿಂತ ಕಡಿಮೆ ಕೊಡಲು ಆಗುವುದಿಲ್ಲ. ಅಂದರೆ ಸುಮಾರು 1.4 ಕಿಲೋವ್ಯಾಟ್. 20 ಕಾರಿಗೆ 28. ನಿಮ್ಮ 30ರ ಮಿತಿಯೊಳಗೆ ಎಲ್ಲವೂ ಒಟ್ಟಿಗೆ ನಿಲ್ಲಬಹುದು. ಕಾರುಗಳು 30 ಆದ ದಿನ ಸರದಿಯ ಮೇಲೆ ಕೊಡಬೇಕಾಗುತ್ತದೆ, ಒಳ್ಳೆಯ ವ್ಯವಸ್ಥೆಗಳು ಅದನ್ನೂ ತಾವೇ ಮಾಡುತ್ತವೆ. ಈ ದಾರಿಯ ಅಪಾಯ ಏನೆಂದರೆ ಮೊದಲ ಖರ್ಚು ಜಾಸ್ತಿ, ಎಲ್ಲ ಚಾರ್ಜರುಗಳೂ ಒಂದೇ ಭಾಷೆ ಮಾತಾಡಬೇಕು, ಮತ್ತು ಇಂಟರ್ನೆಟ್ ಹೋದರೂ ಮಿತಿ ಕೆಲಸ ಮಾಡಬೇಕು. ಈ ಕೊನೆಯದನ್ನು ಮಾರುವವರ ಹತ್ತಿರ ಬರಹದಲ್ಲಿ ತೆಗೆದುಕೊಳ್ಳಿ. ಸಂಪರ್ಕ ಕಡಿದ ಕೂಡಲೇ ಎಲ್ಲ ಚಾರ್ಜರುಗಳು ಪೂರ್ತಿ ಶಕ್ತಿಗೆ ಏರುವ ಒಂದು ವ್ಯವಸ್ಥೆಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದು ಇರಬೇಕಾದದ್ದಕ್ಕೆ ಪೂರ್ತಿ ಉಲ್ಟಾ. ಕೇಬಲ್ ಮಾತ್ರ ಈಗಲೇ 60 ಕಾರಿಗೆ ಆಗುವಷ್ಟು ದಪ್ಪದ್ದು ಹಾಕಿಸಿ. ನೆಲ ಎರಡು ಸಲ ಅಗೆಯುವುದು ಬೇಡ.

ಎರಡು ಮೂರು ವೇಗದ ಚಾರ್ಜರು ಇಟ್ಟು ಎಲ್ಲರೂ ಸರದಿಯಲ್ಲಿ ಬಳಸೋಣ ಅಂತ ಯಾರಾದರೂ ಹೇಳುತ್ತಾರೆ. ನನಗೆ ಅದು ಇಷ್ಟವಿಲ್ಲ. ಒಮ್ಮೆಲೇ ಜಾಸ್ತಿ ಎಳೆಯುತ್ತದೆ, ರಾತ್ರಿ ಎರಡಕ್ಕೆ ಎದ್ದು ಕಾರು ಸರಿಸಲು ಯಾರೂ ಬರುವುದಿಲ್ಲ, ಜಗಳ ಶುರುವಾಗುತ್ತದೆ.

ಯಾವ ದಾರಿಯಾದರೂ ವೈರಿಂಗಿನಲ್ಲಿ ರಾಜಿ ಬೇಡ. ಇದನ್ನು ಕೈಮುಗಿದು ಕೇಳುತ್ತೇನೆ. ಗೀಸರ್ ಇಪ್ಪತ್ತು ನಿಮಿಷ ಓಡಿ ಆಫ್ ಆಗುತ್ತದೆ. ಕಾರು ಗಂಟೆಗಟ್ಟಲೆ ಒಂದೇ ಸಮ ಎಳೆಯುತ್ತದೆ. ಗೀಸರಿಗೆ ತಡೆಯುವ ಸಾಕೆಟ್ ಕಾರಿಗೆ ತಡೆಯುತ್ತದೆ ಅಂತ ಖಾತ್ರಿ ಇಲ್ಲ. ಸ್ವಲ್ಪ ಸಡಿಲವಾದ ಒಂದು ಪಿನ್ ಸಾಕು, ಅಲ್ಲಿ ಶಾಖ ಸೇರುತ್ತಾ ಹೋಗುತ್ತದೆ. ಪೂರ್ತಿ ಕಂದು ಬಣ್ಣಕ್ಕೆ ತಿರುಗಿ ಕರಗಿದ 16 ಆಂಪಿಯರ್ ಸಾಕೆಟ್‌ಗಳನ್ನು ನಾನು ಬಿಚ್ಚಿ ನೋಡಿದ್ದೇನೆ. ಎಲ್ಲಿಯೂ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಬಿದ್ದಿರಲಿಲ್ಲ, ಯಾಕೆಂದರೆ ಕರೆಂಟು ಮಿತಿಯೊಳಗೇ ಇತ್ತು. ಸಂಪರ್ಕ ಸರಿ ಇರಲಿಲ್ಲ, ಅಷ್ಟೇ. ಎಕ್ಸ್‌ಟೆನ್ಷನ್ ಬೋರ್ಡ್ ಬಳಸಲೇಬೇಡಿ. ಕಾರಿಗೆ ಬೇರೆ ವೈರು, ಬೇರೆ ಎಂಸಿಬಿ, ಒಳ್ಳೆಯ ಅರ್ಥಿಂಗ್, ಜೊತೆಗೆ ಸೋರಿಕೆ ಹಿಡಿಯುವ ಆರ್‌ಸಿಡಿ. ಮನೆಯ ಸಾಮಾನ್ಯ ಆರ್‌ಸಿಡಿ ಕಾರಿನಿಂದ ಬರಬಹುದಾದ ಡಿಸಿ (ಬ್ಯಾಟರಿಯಲ್ಲಿರುವಂತೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು) ಸೋರಿಕೆಯನ್ನು ಹಿಡಿಯದೇ ಹೋಗಬಹುದು. ಚಾರ್ಜರಿನೊಳಗೆ 6 ಮಿಲಿಆಂಪಿಯರ್ ಡಿಸಿ ಪತ್ತೆ ಇದೆಯೇ ಅಂತ ಕೇಳಿ. ಇಲ್ಲದಿದ್ದರೆ ಡಿಸಿ ಸೋರಿಕೆಯನ್ನೂ ಹಿಡಿಯುವ ಟೈಪ್ ಬಿ ಆರ್‌ಸಿಡಿ ಹಾಕಿಸಿ.

ಇನ್ನು ನಿಮ್ಮ 320 ಕಿ.ಮೀ. ಪ್ರಯಾಣ. ಕಂಪನಿ ಹೇಳುವ ದೂರ ಪ್ರಯೋಗಾಲಯದ್ದು. ಹೆದ್ದಾರಿಯಲ್ಲಿ ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ಅಂದರೆ ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು. 80ರಿಂದ 100ಕ್ಕೆ ಹೋದರೆ ಆ ತಡೆ ಒಂದೂವರೆ ಪಟ್ಟಿಗೂ ಮೀರುತ್ತದೆ. 100ರ ವೇಗದಲ್ಲಿ 100 ಕಿ.ಮೀ.ಗೆ ಸುಮಾರು 18 ಯೂನಿಟ್ ಅಂತ ಹಿಡಿದರೆ ಒಟ್ಟು 58 ಬೇಕು. ಬ್ಯಾಟರಿ 45, ಕೊನೆಗೆ ಸ್ವಲ್ಪ ಉಳಿಸಿಕೊಂಡರೆ ಕೈಗೆ ಸಿಗುವುದು 40. ದಾರಿಯಲ್ಲಿ 18-20 ಯೂನಿಟ್ ತುಂಬಬೇಕು. 50 ಕಿಲೋವ್ಯಾಟ್ ಚಾರ್ಜರಿನಲ್ಲಿ ಅರ್ಧ ಗಂಟೆ. ಶೇಕಡಾ 80 ದಾಟಿದ ಮೇಲೆ ಕಾಯಬೇಡಿ. ಅಲ್ಲಿಂದ ಮುಂದೆ ಬ್ಯಾಟರಿಯ ಕೋಶಗಳನ್ನು ಉಳಿಸಲು ಕಾರೇ ವೇಗ ತಗ್ಗಿಸುತ್ತದೆ. ಚಾರ್ಜರ್ ಕೆಟ್ಟಿರಬಹುದು, ಯಾರಾದರೂ ನಿಂತಿರಬಹುದು. ಅದಕ್ಕೇ 30-40 ಕಿ.ಮೀ. ಮೊದಲೇ ಇನ್ನೊಂದನ್ನು ನೋಡಿಟ್ಟುಕೊಳ್ಳಿ. ಅಪ್ಪ-ಅಮ್ಮನ ಮನೆಯಲ್ಲಿ ಒಂದು ಸರಿಯಾದ ಸಾಕೆಟ್ ಹಾಕಿಸಿದರೆ ಬರುವಾಗ ತುಂಬಿದ ಬ್ಯಾಟರಿಯೊಂದಿಗೆ ಹೊರಡಬಹುದು. ಕೊರೆಯುವ ಚಳಿಯ ಊರಾದರೆ ದೂರ ನೂರಕ್ಕೆ 20-30ರಷ್ಟು ಇಳಿಯುತ್ತದೆ, ಆಗ ಎರಡು ಸಲ ನಿಲ್ಲಬೇಕಾದೀತು.

ಕಾರು ಕೊಳ್ಳಬಹುದೇ ಅಂದರೆ, ಪಾರ್ಕಿಂಗಿನಲ್ಲಿ ಚಾರ್ಜಿಂಗ್ ಸಿಗುವುದಾದರೆ ಧಾರಾಳವಾಗಿ ಕೊಳ್ಳಿ. ನಿಮ್ಮ ಓಡಾಟ ಇದಕ್ಕೆ ಹೇಳಿ ಮಾಡಿಸಿದಂತಿದೆ. ಅದು ಸಿಗದೆ ಪ್ರತಿ ವಾರ ಹೊರಗಿನ ಚಾರ್ಜರನ್ನೇ ನಂಬಬೇಕು ಅಂದರೆ ಈಗ ಬೇಡ. ಇಂಥ ಕಾರಿನ ಸುಖ ಇರುವುದೇ ನೀವು ಮಲಗಿರುವಾಗ ಅದು ತುಂಬಿಕೊಳ್ಳುವುದರಲ್ಲಿ.

ಸಭೆಗೆ ಮುಂಚೆ ಒಂದು ಕೆಲಸ ಮಾಡಿ. ವಿದ್ಯುತ್ ಕಂಪನಿಯನ್ನೋ ಪರವಾನಗಿ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರರನ್ನೋ ಕರೆಸಿ, ಟ್ರಾನ್ಸ್‌ಫಾರ್ಮರಿನ ಹೊರಹೋಗುವ ಕೇಬಲ್ಲುಗಳಿಗೆ ಲೋಡ್ ದಾಖಲಿಸುವ ಮೀಟರು ಒಂದು ವಾರ ಕಟ್ಟಿಸಿ. ಮೂರೂ ಫೇಸು, ಪ್ರತಿ 15 ನಿಮಿಷಕ್ಕೊಂದು ಓದು. ಸಾಧ್ಯವಾದರೆ ವರ್ಷದ ಅತಿ ಸೆಖೆಯ ವಾರದಲ್ಲಿ. ನಾನು ಮೇಲೆ ಹಾಕಿದ 150, 120 ಎಲ್ಲ ಅಂದಾಜು. ನಿಮ್ಮ ಕಟ್ಟಡದ ನಿಜವಾದ ಸಂಖ್ಯೆ ಆ ಓದಿನಲ್ಲಿ ಸಿಗುತ್ತದೆ. ಅದರ ನಕಲನ್ನು ಮೊದಲು ಕಾರ್ಯದರ್ಶಿಯವರಿಗೇ ಕೊಡಿ. ಟ್ರಾನ್ಸ್‌ಫಾರ್ಮರ್ ಬಗ್ಗೆ ಇಷ್ಟು ಕಾಳಜಿ ಇರುವವರು ನಿಮ್ಮ ಸಂಘದಲ್ಲಿ ಅವರೊಬ್ಬರೇ ಇರಬಹುದು. 30 ಕಿಲೋವ್ಯಾಟ್ ಮಿತಿಯ ಲೆಕ್ಕವನ್ನು ಅವರ ಜೊತೆ ಕೂತು ಹಾಕಿ.